ಪಿತ್ತದ ಗಂಧೆಯ ಹೊಸ ಔಷಧಪ್ರಯೋಗಕ್ಕೆ ಸೇರುವ ಮುನ್ನ

ಮೈಮೇಲೆ ದಿಢೀರನೆ ಎದ್ದು, ಕೆಂಪಗೆ ಉಬ್ಬಿ, ತುರಿಸಿ, ಕೆಲವು ಗಂಟೆಗಳಲ್ಲಿ ಗುರುತೂ ಉಳಿಸದೆ ಇಳಿದುಹೋಗುವ ದದ್ದುಗಳನ್ನು ನಮ್ಮಲ್ಲಿ ಪಿತ್ತದ ಗಂಧೆ ಎನ್ನುತ್ತಾರೆ. ಇವು ಆರು ವಾರಗಳಿಗಿಂತ ಹೆಚ್ಚು ಕಾಲ ಮರಳಿ ಮರಳಿ ಬರುತ್ತಿದ್ದರೆ ಅದು ದೀರ್ಘಕಾಲದ ಗಂಧೆ. ವೈದ್ಯರ ಮಾತಿನಲ್ಲಿ ಕ್ರಾನಿಕ್ ಅರ್ಟಿಕೇರಿಯಾ. ಕಂಬಳಿಯಿಂದ ಮೈ ಉಜ್ಜಿಕೊಂಡು, ಪುನರ್ಪುಳಿ ಶರಬತ್ತು ಕುಡಿದು, ಬದನೆಕಾಯಿಯನ್ನೂ ಕಡಲೆಬೇಳೆಯನ್ನೂ ಬಿಟ್ಟು, ಕೊನೆಗೆ ಸೆಟ್ರಿಜಿನ್ ಮಾತ್ರೆಗೆ ಬಂದು ನಿಂತವರು ಅನೇಕರು. ಆ ಮಾತ್ರೆಯೂ ಸಾಲದಾದಾಗ ಚರ್ಮವೈದ್ಯರು ಒಂದು ದಿನ, ‘ಹೊಸ ಔಷಧದ ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆ, ನೋಡುತ್ತೀರಾ?’ ಎಂದು ಕೇಳಬಹುದು. ಆ ಪ್ರಶ್ನೆಗೆ ಹೌದು ಅಥವಾ ಬೇಡ ಎನ್ನುವ ಮೊದಲು ಏನೇನು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಾನು ವೈದ್ಯನಲ್ಲ; ಆರು ವರ್ಷಗಳಿಂದ ಗಂಧೆಯಿಂದ ಬಳಲುವ ತಂಗಿಯ ಜೊತೆಗೆ ಆಸ್ಪತ್ರೆಗಳಿಗೆ ಓಡಾಡಿದವನು.

ಲೆಕ್ಕದ ಪುಸ್ತಕ ಮೊದಲು

ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆಯಿದೆ, ರಕ್ತದೊತ್ತಡಕ್ಕೆ ಯಂತ್ರವಿದೆ. ಗಂಧೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೇಳುವ ಯಂತ್ರ ಯಾವುದೂ ಇಲ್ಲ. ವೈದ್ಯರ ಕೋಣೆಗೆ ಹೋಗುವ ಹೊತ್ತಿಗೆ ಮೈ ಸಾಮಾನ್ಯವಾಗಿ ನುಣ್ಣಗಿರುತ್ತದೆ, ರಾತ್ರಿ ಹನ್ನೊಂದಕ್ಕೆ ಅದು ಕೊತಕೊತ ಕುದಿಯುತ್ತಿದ್ದುದನ್ನು ಕಂಡವರು ಮನೆಯವರು ಮಾತ್ರ. ಆದ್ದರಿಂದ ಜಗತ್ತಿನ ಬಹುತೇಕ ಎಲ್ಲ ಗಂಧೆ ಪ್ರಯೋಗಗಳೂ ರೋಗಿಯೇ ಮನೆಯಲ್ಲಿ ಕುಳಿತು ಬರೆದುಕೊಳ್ಳುವ ಅಂಕಗಳನ್ನು ನೆಚ್ಚಿಕೊಂಡಿವೆ. ನಿಮ್ಮನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳಬೇಕೇ ಎಂಬುದೂ ಔಷಧ ಕೆಲಸ ಮಾಡಿತೇ ಎಂಬುದೂ ತೀರ್ಮಾನವಾಗುವುದು ಅವುಗಳಿಂದಲೇ. ಆ ಅಂಕ ಹಾಕುವುದನ್ನು ಕಲಿಯುವುದು ಮೊದಲ ಕೆಲಸ. ಪ್ರಯೋಗಕ್ಕೆ ಸೇರದೆ ಇದ್ದರೂ ಇದು ವ್ಯರ್ಥವಾಗುವುದಿಲ್ಲ.

ಅದರ ಹೆಸರು ಯುಎಎಸ್ 7. ಪ್ರತಿದಿನ ಒಂದೇ ಹೊತ್ತಿಗೆ, ಕಳೆದ ಇಪ್ಪತ್ತನಾಲ್ಕು ಗಂಟೆಗಳನ್ನು ನೆನೆದು ಎರಡು ಅಂಕ ಬರೆಯಬೇಕು. ಮೊದಲನೆಯದು ಗಂಧೆಗಳ ಸಂಖ್ಯೆಗೆ: ಒಂದೂ ಇಲ್ಲದಿದ್ದರೆ 0, ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ 1, ಇಪ್ಪತ್ತರಿಂದ ಐವತ್ತರವರೆಗಾದರೆ 2, ಐವತ್ತು ದಾಟಿದರೆ ಅಥವಾ ಒಂದಕ್ಕೊಂದು ಕೂಡಿಕೊಂಡು ದೊಡ್ಡ ದೊಡ್ಡ ಪಟ್ಟೆಗಳಾಗಿದ್ದರೆ 3. ಎರಡನೆಯದು ತುರಿಕೆಗೆ: ಇಲ್ಲದಿದ್ದರೆ 0, ಇದ್ದರೂ ಕಾಡದಿದ್ದರೆ 1, ಕಾಡಿದರೂ ಕೆಲಸಕ್ಕೆ, ನಿದ್ದೆಗೆ ಅಡ್ಡಿಯಾಗದಿದ್ದರೆ 2, ನಿದ್ದೆ ಕೆಡಿಸಿದರೆ ಅಥವಾ ಕೈಯಲ್ಲಿನ ಕೆಲಸ ಬಿಡಿಸಿದರೆ 3. ದಿನಕ್ಕೆ ಹೆಚ್ಚೆಂದರೆ 6, ವಾರಕ್ಕೆ ಹೆಚ್ಚೆಂದರೆ 42. ವಾರದ ಮೊತ್ತ 6 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಯಿಲೆ ಹತೋಟಿಯಲ್ಲಿದೆ ಎನ್ನುತ್ತಾರೆ. 7ರಿಂದ 15 ಸೌಮ್ಯ, 16ರಿಂದ 27 ಮಧ್ಯಮ, 28 ಮತ್ತು ಮೇಲೆ ತೀವ್ರ. ಅನೇಕ ಪ್ರಯೋಗಗಳ ಬಾಗಿಲು ತೆರೆಯುವುದು 16ಕ್ಕೆ.

ತಂಗಿಯ ಪುಸ್ತಕದ ಒಂದು ಪುಟ ಹೀಗಿದೆ. ಸೋಮವಾರ ಗಂಧೆ 2, ತುರಿಕೆ 3. ಮಂಗಳವಾರ 2, 2. ಬುಧವಾರ 1, 2. ಗುರುವಾರ 0, 1. ಶುಕ್ರವಾರ 2, 2. ಶನಿವಾರ 3, 3. ಪಕ್ಕದಲ್ಲಿ ‘ತುಟಿ ಊದಿತು, ಎಡಗಡೆ’ ಎಂದು ಸಣ್ಣ ಅಕ್ಷರ. ಭಾನುವಾರ 2, 2. ಕೂಡಿದರೆ 27. ಈ ಪುಸ್ತಕ ಆರಂಭಿಸುವ ಮೊದಲು ‘ಹೇಗಿದೆ?’ ಎಂದು ವೈದ್ಯರು ಕೇಳಿದಾಗಲೆಲ್ಲ ಅವಳು ಹೇಳುತ್ತಿದ್ದುದು ಒಂದೇ ಮಾತು: ‘ಹಾಗೇ ಇದೆ ಡಾಕ್ಟ್ರೇ.’ ಆ ‘ಹಾಗೇ’ ಎಂಬುದರೊಳಗೆ ಗುರುವಾರದ ನೆಮ್ಮದಿಯೂ ಶನಿವಾರದ ಯಾತನೆಯೂ ಸೇರಿ ಕಲಸಿಹೋಗುತ್ತಿದ್ದವು. ನಾಲ್ಕು ವಾರಗಳ ಪುಟಗಳನ್ನು ಮುಂದಿಟ್ಟ ದಿನ ವೈದ್ಯರು ಮೊದಲ ಬಾರಿಗೆ ಮಾತ್ರೆಯ ಪ್ರಮಾಣ ಬದಲಿಸಿದರು.

ಬರೆಯುವಾಗ ಇನ್ನೊಂದು ಪರೀಕ್ಷೆಯನ್ನೂ ಮಾಡಿಕೊಳ್ಳಿ. ಹೊಸದಾಗಿ ಎದ್ದ ಒಂದು ಗಂಧೆಯ ಸುತ್ತ ಬಾಲ್ ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆದಿಡಿ. ಮಾಮೂಲಿ ಗಂಧೆ ಒಂದು ದಿನದೊಳಗೆ ಆ ಗೆರೆಯೊಳಗಿಂದ ಮಾಯವಾಗಿ ಬೇರೆಲ್ಲೋ ಏಳುತ್ತದೆ. ಅದು ಇಪ್ಪತ್ತನಾಲ್ಕು ಗಂಟೆಗಳ ಮೇಲೂ ಅಲ್ಲೇ ಉಳಿದು, ತುರಿಕೆಗಿಂತ ಉರಿ ಹೆಚ್ಚಾಗಿದ್ದು, ಇಳಿದ ಮೇಲೆ ಕಂದುಗಟ್ಟಿದ ಕಲೆ ಬಿಟ್ಟರೆ ರಕ್ತನಾಳಗಳ ಉರಿಯೂತವಿರಬಹುದೆಂದು ವೈದ್ಯರು ಚರ್ಮದ ಸಣ್ಣ ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸಬೇಕಾಗುತ್ತದೆ. ಹಾಗೆಯೇ ಗಂಧೆ ಏಳುವುದು ತಣ್ಣೀರು ತಾಗಿದಾಗ ಮಾತ್ರವೋ, ಚರ್ಮವನ್ನು ಗೀಚಿದ ಜಾಗದಲ್ಲಿ ಮಾತ್ರವೋ ಎಂಬುದನ್ನು ಗಮನಿಸಿ. ಅಂಥದ್ದು ಬೇರೆ ಬಗೆಯ ಗಂಧೆ. ಕಾರಣವಿಲ್ಲದೆ ತಾನಾಗಿ ಏಳುವ ಗಂಧೆಗೆಂದು ನಡೆಸುವ ಪ್ರಯೋಗದಲ್ಲಿ ಸಾಮಾನ್ಯವಾಗಿ ಅದಕ್ಕೆ ಜಾಗವಿಲ್ಲ. ನಾಲಿಗೆ ಅಥವಾ ಗಂಟಲು ಊದಿ ಉಸಿರಾಟಕ್ಕೆ ಕಷ್ಟವಾದರೆ ಮಾತ್ರ ಪುಸ್ತಕ, ಪೆನ್ನು ಎಲ್ಲವನ್ನೂ ಬದಿಗಿಟ್ಟು ತಕ್ಷಣ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಇರುವ ಚಿಕಿತ್ಸೆ ಮುಗಿದಿದೆಯೇ ಎಂದು ನೋಡಿಕೊಳ್ಳಿ

ಹೊಸದನ್ನು ಹುಡುಕಿ ಹೊರಡುವವರಲ್ಲಿ ಎಷ್ಟೋ ಮಂದಿ ಹಳೆಯದನ್ನು ಪೂರ್ತಿ ಬಳಸಿಯೇ ಇರುವುದಿಲ್ಲ. ಸೆಟ್ರಿಜಿನ್, ಲಿವೋಸೆಟ್ರಿಜಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಮೊದಲಾದ ಎರಡನೆಯ ಪೀಳಿಗೆಯ ಆಂಟಿಹಿಸ್ಟಮಿನ್ ಮಾತ್ರೆಗಳನ್ನು ಗಂಧೆ ಎದ್ದಾಗ ಮಾತ್ರ ನುಂಗುವುದಲ್ಲ, ದಿನವೂ ತಪ್ಪದೆ ತೆಗೆದುಕೊಳ್ಳಬೇಕು. ಎರಡರಿಂದ ನಾಲ್ಕು ವಾರಗಳಲ್ಲಿ ಫಲ ಕಾಣದಿದ್ದರೆ ವೈದ್ಯರು ಆ ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೂ ಏರಿಸಬಹುದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಇದನ್ನು ನೀವಾಗಿ ಮಾಡಿಕೊಳ್ಳಬೇಡಿ. ಅದಕ್ಕೂ ಬಗ್ಗದಿದ್ದರೆ ಒಮಾಲಿಜುಮ್ಯಾಬ್ ಚುಚ್ಚುಮದ್ದು, ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2014ರ ಮಾರ್ಚ್‌ನಲ್ಲಿ ಇದನ್ನು ಗಂಧೆಗೆ ಒಪ್ಪಿತು. ನಮ್ಮ ದೇಶದಲ್ಲಿಯೂ ಸಿಗುತ್ತದೆ, ಆದರೆ ದುಬಾರಿ. ಟ್ರಯಲ್ ಎಂಬ ಮಾತು ಅನೇಕ ಮನೆಗಳಿಗೆ ಹೊಕ್ಕುವುದು ಈ ದುಬಾರಿತನದ ಕಿಂಡಿಯಿಂದಲೇ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಸ್ಟೀರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್‌ನಿಂದ ಗಂಧೆ ಒಂದೇ ರಾತ್ರಿಯಲ್ಲಿ ಇಳಿಯುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ಏಳುತ್ತದೆ. ಇತ್ತೀಚೆಗೆ ಸ್ಟೀರಾಯ್ಡ್ ತೆಗೆದುಕೊಂಡವರನ್ನು ಪ್ರಯೋಗಕ್ಕೆ ಸಾಮಾನ್ಯವಾಗಿ ಕೂಡಲೇ ಸೇರಿಸಿಕೊಳ್ಳುವುದಿಲ್ಲ. ಪೊಟ್ಟಣದ ಮೇಲೆ ಹೆಸರೇ ಇಲ್ಲದ ಪುಡಿ, ಗುಳಿಗೆಗಳನ್ನು ತೆಗೆದುಕೊಂಡಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿಬಿಡಿ. ಮೈಕೈ ನೋವಿಗೆಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಕೆಲವರಲ್ಲಿ ಗಂಧೆಯನ್ನು ಕೆರಳಿಸುತ್ತವೆ, ಅವೂ ಪುಸ್ತಕದಲ್ಲಿರಲಿ.

ಹೊಸ ಔಷಧಗಳು ಎಲ್ಲಿ ಕೈ ಹಾಕುತ್ತವೆ

ಚರ್ಮದೊಳಗೆ ಮಾಸ್ಟ್ ಕೋಶಗಳೆಂಬ ಕಾವಲುಗಾರರಿದ್ದಾರೆ. ಅವುಗಳ ಹೊಟ್ಟೆಯಲ್ಲಿ ಹಿಸ್ಟಮಿನ್ ತುಂಬಿದ ಚೀಲಗಳಿರುತ್ತವೆ. ಕೋಶ ಕೆರಳಿದರೆ ಚೀಲಗಳು ಒಡೆದು ಹಿಸ್ಟಮಿನ್ ಹೊರಚೆಲ್ಲುತ್ತದೆ, ಚರ್ಮ ಊದುತ್ತದೆ, ತುರಿಸುತ್ತದೆ. ಈ ಕಾಯಿಲೆಯಲ್ಲಿ ಅನೇಕರಿಗೆ ಕೋಶವನ್ನು ಕೆರಳಿಸುವುದು ಹೊರಗಿನ ಯಾವುದೋ ಆಹಾರವಲ್ಲ, ಅವರದೇ ದೇಹದ ಪ್ರತಿಕಾಯಗಳು. ಬದನೆಕಾಯಿ ಬಿಟ್ಟರೂ ಗಂಧೆ ಬಿಡದಿರುವುದು ಇದಕ್ಕೇ.

ಆಂಟಿಹಿಸ್ಟಮಿನ್ ಮಾತ್ರೆ, ಚೆಲ್ಲಿದ ಹಿಸ್ಟಮಿನ್ ತನ್ನ ಕೆಲಸ ಮಾಡದಂತೆ ತಡೆಯುತ್ತದೆ. ಒಮಾಲಿಜುಮ್ಯಾಬ್ ಒಂದು ಹೆಜ್ಜೆ ಹಿಂದೆ ಹೋಗಿ ಐಜಿಇ ಎಂಬ ಪ್ರತಿಕಾಯವನ್ನು ಕಟ್ಟಿಹಾಕುತ್ತದೆ. 2025ರ ಏಪ್ರಿಲ್‌ನಲ್ಲಿ ಎಫ್‌ಡಿಎ ಗಂಧೆಗೆ ಒಪ್ಪಿದ ಡುಪಿಲುಮ್ಯಾಬ್, ಇಂಟರ್‌ಲ್ಯೂಕಿನ್ 4 ಮತ್ತು 13 ಎಂಬ ಸಂದೇಶವಾಹಕಗಳ ದಾರಿಗೆ ಅಡ್ಡ ನಿಲ್ಲುತ್ತದೆ. ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಒಪ್ಪಿಗೆ ಪಡೆದ ರೆಮಿಬ್ರೂಟಿನಿಬ್ ಚುಚ್ಚುಮದ್ದಲ್ಲ, ದಿನಕ್ಕೆ ಎರಡು ಬಾರಿ ನುಂಗುವ 25 ಮಿಲಿಗ್ರಾಂ ಮಾತ್ರೆ. ಕೆರಳಿಕೆಯ ಸುದ್ದಿಯನ್ನು ಮಾಸ್ಟ್ ಕೋಶದೊಳಗೆ ಒಯ್ಯುವ ಬಿಟಿಕೆ ಎಂಬ ಕಿಣ್ವವನ್ನು ಅದು ತಡೆಯುತ್ತದೆ. ಬಾರ್ಜೊಲ್ವೊಲಿಮ್ಯಾಬ್ ಎಂಬುದು ಇನ್ನೂ ಮುಂದೆ ಹೋಗಿ, ಮಾಸ್ಟ್ ಕೋಶ ಬದುಕಿ ಉಳಿಯಲು ಬೇಕಾದ ಕಿಟ್ ಎಂಬ ಗ್ರಾಹಕವನ್ನೇ, ಎಂದರೆ ಹೊರಗಿನ ಸಂದೇಶವನ್ನು ಹಿಡಿಯುವ ಕೊಂಡಿಯನ್ನೇ, ಮುಚ್ಚುತ್ತದೆ. ಅದರ ಮೂರನೆಯ ಹಂತದ, ಎಂದರೆ ಎರಡನೆಯ ಹಂತಕ್ಕಿಂತ ಹೆಚ್ಚು ಜನರನ್ನು ಸೇರಿಸಿಕೊಂಡು ನಡೆಸುವ, ಪ್ರಯೋಗಗಳು 2024ರಲ್ಲಿ ಆರಂಭವಾದವು. ಕೂದಲಿಗೆ ಬಣ್ಣ ಕೊಡುವ ಕೋಶಗಳಿಗೂ ಅದೇ ಗ್ರಾಹಕ ಬೇಕಾದ್ದರಿಂದ ಆ ಔಷಧ ಪಡೆದ ಕೆಲವರ ಕೂದಲಿನ ಬಣ್ಣ ಬದಲಾಗಿರುವುದು ಎರಡನೆಯ ಹಂತದಲ್ಲೇ ಕಂಡುಬಂದಿದೆ. ಅಡ್ಡಪರಿಣಾಮ ಎಂಬುದು ಹೀಗೆ ಔಷಧ ಕೈ ಹಾಕುವ ಜಾಗದಿಂದಲೇ ಬರುವುದುಂಟು. ಆದ್ದರಿಂದ ‘ಈ ಔಷಧ ದೇಹದಲ್ಲಿ ಏನನ್ನು ತಡೆಯುತ್ತದೆ, ಆ ವಸ್ತು ಬೇರೆಲ್ಲಿ ಬೇಕಾಗುತ್ತದೆ?’ ಎಂದು ಕೇಳಿ ತಿಳಿಯುವುದು ರೋಗಿಯ ಹಕ್ಕು.

ಫಲಿತಾಂಶದ ಸುದ್ದಿಯನ್ನು ಓದುವ ಬಗೆ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ರೆಮಿಬ್ರೂಟಿನಿಬ್‌ನ ಎರಡು ದೊಡ್ಡ ಪ್ರಯೋಗಗಳಾದ ರೆಮಿಕ್ಸ್-1 ಮತ್ತು ರೆಮಿಕ್ಸ್-2ರಲ್ಲಿ ಒಟ್ಟು ಒಂಬೈನೂರಕ್ಕೂ ಹೆಚ್ಚು ಜನರಿದ್ದರು. ಮೊದಲನೆಯದರಲ್ಲಿ ಹನ್ನೆರಡು ವಾರಗಳ ಕೊನೆಗೆ ವಾರದ ಅಂಕ ಔಷಧ ಪಡೆದವರಲ್ಲಿ ಸರಾಸರಿ 20ರಷ್ಟು ಇಳಿದಿತ್ತು. ಕೇಳಲು ಬಹಳ ಚೆನ್ನಾಗಿದೆ. ಆದರೆ ಔಷಧವೇ ಇಲ್ಲದ, ನೋಡಲು ಮಾತ್ರ ಅದರಂತೆಯೇ ಇರುವ ಹುಸಿ ಮಾತ್ರೆ ಪಡೆದವರಲ್ಲಿಯೂ ಅಂಕ ಸುಮಾರು 13.8ರಷ್ಟು ಇಳಿದಿತ್ತು! ಗಂಧೆ ಏರಿಳಿತದ ಕಾಯಿಲೆ. ತೀರ ಹೆಚ್ಚಾದಾಗಲೇ ಜನ ಪ್ರಯೋಗಕ್ಕೆ ಸೇರುತ್ತಾರೆ, ಏರಿದ್ದು ತಾನಾಗಿಯೂ ಸ್ವಲ್ಪ ಇಳಿಯುತ್ತದೆ. ಅದರ ಮೇಲೆ, ಪ್ರಯೋಗಕ್ಕೆ ಸೇರಿದವರು ಆಂಟಿಹಿಸ್ಟಮಿನ್ ಮಾತ್ರೆಯನ್ನು ಹಿಂದೆಂದಿಗಿಂತ ಶಿಸ್ತಿನಿಂದ ನುಂಗುತ್ತಾರೆ. ಔಷಧದ ನಿಜವಾದ ದುಡಿಮೆ ಎಷ್ಟೆಂದರೆ ಈ ಎರಡು ಸಂಖ್ಯೆಗಳ ನಡುವಿನ ಅಂತರ. ಗಂಧೆಯೂ ತುರಿಕೆಯೂ ಪೂರ್ತಿ ನಿಂತು ಅಂಕ ಸೊನ್ನೆಗೆ ಬಂದವರು ಅದೇ ಪ್ರಯೋಗದಲ್ಲಿ ಔಷಧದ ಗುಂಪಿನಲ್ಲಿ ನೂರಕ್ಕೆ ಸುಮಾರು 31, ಹುಸಿ ಮಾತ್ರೆಯ ಗುಂಪಿನಲ್ಲಿ ಸುಮಾರು 10. ನನಗೆ ಹೆಚ್ಚು ಅರ್ಥವಾಗುವುದು ಈ ಎರಡನೆಯ ಲೆಕ್ಕ: ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಪೂರ್ಣ ಬಿಡುಗಡೆ, ಉಳಿದವರಿಗೆ ಅಷ್ಟಿಲ್ಲ.

ಇನ್ನೊಂದು ಕಥೆ ಲಿಗೆಲಿಜುಮ್ಯಾಬ್‌ನದು. ಇದೂ ಒಮಾಲಿಜುಮ್ಯಾಬ್‌ನಂತೆ ಐಜಿಇಯನ್ನು ಹಿಡಿಯುವ ಔಷಧ, ಆದರೆ ಇನ್ನೂ ಬಿಗಿಯಾಗಿ ಹಿಡಿಯುವಂಥದ್ದು. 2019ರಲ್ಲಿ ಪ್ರಕಟವಾದ ಎರಡನೆಯ ಹಂತದ ಪ್ರಯೋಗದಲ್ಲಿ ಹನ್ನೆರಡನೆಯ ವಾರಕ್ಕೆ ಗಂಧೆ ಪೂರ್ತಿ ನಿಂತವರು 72 ಮಿಲಿಗ್ರಾಂ ಗುಂಪಿನಲ್ಲಿ ನೂರಕ್ಕೆ 51, ಒಮಾಲಿಜುಮ್ಯಾಬ್ ಗುಂಪಿನಲ್ಲಿ 26. ಹಳೆಯದಕ್ಕಿಂತ ದುಪ್ಪಟ್ಟು ಎಂದು ಎಲ್ಲೆಡೆ ಉತ್ಸಾಹ. ಬಳಿಕ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಪರ್ಲ್-1, ಪರ್ಲ್-2 ಎಂಬ ಮೂರನೆಯ ಹಂತದ ಪ್ರಯೋಗಗಳು ನಡೆದವು. 2021ರ ಕೊನೆಗೆ ಹೊರಬಿದ್ದ ಫಲಿತಾಂಶದಲ್ಲಿ ಲಿಗೆಲಿಜುಮ್ಯಾಬ್ ಹುಸಿ ಔಷಧಕ್ಕಿಂತ ಮೇಲೆಂಬುದು ಉಳಿಯಿತು, ಒಮಾಲಿಜುಮ್ಯಾಬ್‌ಗಿಂತ ಮೇಲೆಂಬುದು ಉಳಿಯಲಿಲ್ಲ. ಎರಡನೆಯ ಹಂತದಲ್ಲಿ ಪ್ರತಿ ಗುಂಪಿನಲ್ಲಿ ಜನ ಕಡಿಮೆ, ಆಕಸ್ಮಿಕಕ್ಕೆ ಎಡೆ ಹೆಚ್ಚು. ಹಾಗಾಗಿ ನಿಮ್ಮ ಮುಂದಿರುವ ಪ್ರಯೋಗ ಯಾವ ಹಂತದ್ದೆಂದು ಮೊದಲು ಕೇಳಿ. ಎರಡನೆಯ ಹಂತದ್ದಾದರೆ ‘ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತಂತೆ’ ಎಂಬ ಮಾತನ್ನು ಅರ್ಧಕ್ಕಿಳಿಸಿ ಕೇಳುವುದು ಒಳ್ಳೆಯದು, ಆ ಮಾತು ಬಿಳಿ ಕೋಟು ತೊಟ್ಟವರದೇ ಆಗಿದ್ದರೂ.

ನಮ್ಮಲ್ಲಿ ಹುಡುಕುವುದು ಹೇಗೆ

ಭಾರತದಲ್ಲಿ ನಡೆಯುವ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ನೋಂದಣಿಯಲ್ಲಿ ದಾಖಲಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 2007ರಲ್ಲಿ ಆರಂಭವಾದ ಇದು ಯಾರು ಬೇಕಾದರೂ ಉಚಿತವಾಗಿ ನೋಡಬಹುದಾದ ಜಾಲತಾಣ. ಹುಡುಕುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಅರ್ಟಿಕೇರಿಯಾ ಎಂದು ಬರೆದರೆ ಅಲೋಪಥಿಯವೂ ಆಯುರ್ವೇದ, ಹೋಮಿಯೋಪಥಿಯವೂ ಒಟ್ಟಿಗೇ ಬರುತ್ತವೆ. ಒಂದೊಂದನ್ನೂ ತೆರೆದು ಪ್ರಯೋಗದ ಹಂತ, ಯಾವ ಊರಿನ ಯಾವ ಆಸ್ಪತ್ರೆ, ಹಣ ಹಾಕುತ್ತಿರುವವರು ಯಾರು, ಯಾವುದಕ್ಕೆ ಹೋಲಿಸುತ್ತಿದ್ದಾರೆ, ಯಾರನ್ನು ಸೇರಿಸಿಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ, ಇನ್ನೂ ಜನರನ್ನು ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನು ಓದಿ. ಭಾಗವಹಿಸುವವರ ಹಿತ ಕಾಯುವ, ಆ ಆಸ್ಪತ್ರೆಯ ನೀತಿ ಸಮಿತಿ (ಎಥಿಕ್ಸ್ ಕಮಿಟಿ) ಒಪ್ಪಿಗೆ ಕೊಟ್ಟಿದೆಯೇ, ಔಷಧ ನಿಯಂತ್ರಕರ ಅನುಮತಿಯ ಸ್ಥಿತಿ ಏನು ಎಂಬುದಕ್ಕೂ ಅಲ್ಲಿ ಜಾಗವಿದೆ. ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಪ್ರಯೋಗ ಒಳ್ಳೆಯದೆಂದಲ್ಲ. ಆದರೆ ನೋಂದಣಿ ಸಂಖ್ಯೆಯನ್ನೇ ಹೇಳಲಾಗದ ಪ್ರಯೋಗದಿಂದ ದೂರವಿರಿ. ಔಷಧಕ್ಕೆಂದು ಭಾಗವಹಿಸುವವರಿಂದಲೇ ಹಣ ಕೇಳಿದರೆ ಇನ್ನೂ ದೂರ.

ಯಾರನ್ನು ಬಿಡುತ್ತಾರೆ ಎಂಬ ಪಟ್ಟಿಯನ್ನು ನೋಡಿ ಬೇಸರಪಡಬೇಡಿ. ಗರ್ಭಿಣಿಯರು, ಹಾಲೂಡಿಸುವವರು, ಸ್ವಲ್ಪ ಹಿಂದೆ ಒಮಾಲಿಜುಮ್ಯಾಬ್ ಪಡೆದವರು, ಮೈಯಲ್ಲಿ ಕ್ಷಯ ಅಥವಾ ಹೆಪಟೈಟಿಸ್ ಸೋಂಕು ಅಡಗಿರುವವರು, ಬಿಟಿಕೆ ತಡೆಯುವ ಮಾತ್ರೆಗಳ ವಿಷಯದಲ್ಲಿ ರಕ್ತಸ್ರಾವದ ಅಪಾಯ ಇರುವವರು ಹೊರಗುಳಿಯುವುದು ಅವರ ರಕ್ಷಣೆಗೇ. ಸೇರಬೇಕೆಂಬ ಆಸೆಯಿಂದ ಇರುವುದನ್ನು ಮುಚ್ಚಿಡುವುದು ಅಥವಾ ಅಂಕವನ್ನು 14ರಿಂದ 17ಕ್ಕೆ ಏರಿಸಿ ಬರೆಯುವುದು ಮೊದಲು ಹಾನಿ ಮಾಡುವುದು ಬರೆದವರಿಗೇ.

ಒಪ್ಪಿಗೆ ಪತ್ರವನ್ನು ಮನೆಗೆ ತನ್ನಿ

ನಮ್ಮ ದೇಶದಲ್ಲಿ ಹೊಸ ಔಷಧಗಳ ಪ್ರಯೋಗಗಳು 2019ರ ನ್ಯೂ ಡ್ರಗ್ಸ್ ಅಂಡ್ ಕ್ಲಿನಿಕಲ್ ಟ್ರಯಲ್ಸ್ ನಿಯಮಗಳಿಗೆ ಒಳಪಟ್ಟಿವೆ. ಅದರ ಪ್ರಕಾರ ಮಾಹಿತಿ ಪತ್ರವೂ ಒಪ್ಪಿಗೆ ಪತ್ರವೂ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಇಂಗ್ಲಿಷ್ ಪ್ರತಿಯನ್ನೇ ಮುಂದಿಟ್ಟು ‘ಇಲ್ಲಿ ಸೈನ್ ಮಾಡಿ’ ಎಂದರೆ ಕನ್ನಡದ್ದನ್ನು ಕೇಳಿ ಪಡೆಯಿರಿ. ಒಂದು ಆಸ್ಪತ್ರೆಯಲ್ಲಿ ನಮಗೆ ಕೊಟ್ಟ ಕನ್ನಡ ಪ್ರತಿ ಇಪ್ಪತ್ತು ಪುಟ. ಅದರ ಕನ್ನಡ ಎಷ್ಟು ಗಡುಸಾಗಿತ್ತೆಂದರೆ ‘ಯಾದೃಚ್ಛೀಕರಣ’ ಎಂಬ ಪದದ ಮುಂದೆ ತಂಗಿ ಹತ್ತು ನಿಮಿಷ ಕುಳಿತಿದ್ದಳು. ಅಲ್ಲಿನ ಸಂಯೋಜಕಿಯನ್ನು ಕೇಳಿದಾಗ ಆಕೆ ನಗುತ್ತಾ, ‘ಚೀಟಿ ಎತ್ತಿದ ಹಾಗೆ ಅಕ್ಕಾ, ಯಾರಿಗೆ ಯಾವ ಔಷಧ ಅಂತ ಕಂಪ್ಯೂಟರ್ ಎತ್ತುತ್ತೆ. ನಮಗೂ ಗೊತ್ತಿರಲ್ಲ, ಡಾಕ್ಟ್ರಿಗೂ ಗೊತ್ತಿರಲ್ಲ’ ಎಂದಳು. ಪತ್ರದಲ್ಲಿ ಆ ಒಂದು ಸಾಲು ಇದ್ದಿದ್ದರೆ ಸಾಕಾಗಿತ್ತು.

ಸಹಿ ಹಾಕುವ ಮೊದಲು ಕೆಲವನ್ನು ಪತ್ರದಲ್ಲಿ ಬೆರಳಿಟ್ಟು ಗುರುತಿಸಿಕೊಳ್ಳಿ. ಹುಸಿ ಔಷಧ ಸಿಗುವ ಸಾಧ್ಯತೆ ಎಷ್ಟು? ರೆಮಿಕ್ಸ್‌ನಲ್ಲಿ ಮೂವರಲ್ಲಿ ಇಬ್ಬರಿಗೆ ಔಷಧ, ಒಬ್ಬರಿಗೆ ಹುಸಿ ಮಾತ್ರೆ ಎಂಬ ಲೆಕ್ಕವಿತ್ತು. 24 ವಾರಗಳ ಬಳಿಕ ಹುಸಿ ಮಾತ್ರೆಯವರಿಗೂ ಔಷಧ ಕೊಟ್ಟರು. ಎಲ್ಲ ಪ್ರಯೋಗಗಳಲ್ಲಿಯೂ ಹೀಗಿರಬೇಕೆಂದಿಲ್ಲ. ಹುಸಿ ಔಷಧದಿಂದ ಚಿಕಿತ್ಸೆಯ ಫಲವಿಲ್ಲ, ಪ್ರಯೋಗದ ಔಷಧವೂ ವಿಫಲವಾಗಬಹುದು ಎಂಬ ಮಾತುಗಳನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಬೇಕೆಂದು ನಿಯಮವೇ ಹೇಳುತ್ತದೆ. ಗಂಧೆ ತೀರ ಹೆಚ್ಚಾದರೆ ಯಾವ ಮಾತ್ರೆ ನುಂಗಬಹುದು, ದಿನಕ್ಕೆ ಎಷ್ಟು? ಈಗ ತೆಗೆದುಕೊಳ್ಳುತ್ತಿರುವ ಯಾವುದನ್ನು ನಿಲ್ಲಿಸಬೇಕು, ಎಷ್ಟು ವಾರ ಮೊದಲು? ಎಷ್ಟು ಬಾರಿ ಆಸ್ಪತ್ರೆಗೆ ಬರಬೇಕು, ಬಸ್ಸಿನ ಖರ್ಚನ್ನು ಕೊಡುತ್ತಾರೆಯೇ? ಈ ಕೊನೆಯದನ್ನು ಕೇಳಲು ನಾಚಿಕೆ ಬೇಡ. ಹಾಸನದಿಂದಲೋ ಚಿತ್ರದುರ್ಗದಿಂದಲೋ ಬೆಂಗಳೂರಿಗೆ ಪದೇ ಪದೇ ಬರಬೇಕಾದವರು ನಡುವೆ ಕೈಬಿಡುವುದಕ್ಕೆ ಔಷಧಕ್ಕಿಂತ ಈ ಓಡಾಟವೇ ಕಾರಣವಾಗಬಹುದು.

ಪ್ರಯೋಗದ ಅವಧಿಯಲ್ಲಿ ದೇಹಕ್ಕೆ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ಆ ತೊಂದರೆ ಪ್ರಯೋಗದಿಂದಲೇ ಬಂದದ್ದೆಂದು ತೀರ್ಮಾನವಾದರೆ ಪರಿಹಾರಧನವನ್ನೂ ಕೊಡಬೇಕು ಎಂಬುದು ಅದೇ ನಿಯಮಗಳಲ್ಲಿದೆ. ಗಂಭೀರ ತೊಂದರೆಯನ್ನು ಪ್ರಯೋಗ ನಡೆಸುವ ವೈದ್ಯರು 24 ಗಂಟೆಗಳೊಳಗೆ ವರದಿ ಮಾಡಬೇಕು. ನೀತಿ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ವೈದ್ಯರಲ್ಲದ ಸಾಮಾನ್ಯ ವ್ಯಕ್ತಿಯೂ ಅದರಲ್ಲಿರಬೇಕು. ಅವರ ದೂರವಾಣಿ ಸಂಖ್ಯೆ ಪತ್ರದಲ್ಲಿರುತ್ತದೆ, ಅದನ್ನು ಫೋನಿನಲ್ಲಿ ಸೇರಿಸಿಕೊಂಡುಬಿಡಿ. ಓದಲು ಬಾರದವರ ವಿಷಯದಲ್ಲಿ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇಡೀ ಮಾತುಕತೆಯ ಹೊತ್ತಿನಲ್ಲಿ ಹಾಜರಿರಬೇಕು. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆಗೆ ಕುತ್ತು ಬರಬಾರದು. ಆದರೆ ಹೊರಬರುವಾಗ ಹೇಳಿಯೇ ಬನ್ನಿ. ಕೆಲವು ಔಷಧಗಳು ವಾರಗಟ್ಟಲೆ ಮೈಯಲ್ಲಿ ಉಳಿಯುವುದರಿಂದ ಕೊನೆಯ ರಕ್ತಪರೀಕ್ಷೆ ಬೇಕಾಗುತ್ತದೆ.

ಪತ್ರವನ್ನು ಮನೆಗೆ ತಂದು ಎರಡು ದಿನ ಇಟ್ಟುಕೊಳ್ಳಿ. ಅಲ್ಲಿಯೇ ಸಹಿ ಹಾಕಬೇಕೆಂದು ಅವಸರಪಡಿಸಿದರೆ ಆ ಅವಸರ ನಿಮ್ಮದಲ್ಲ.

ಸೇರಿದ ಮೇಲೆ

ಮೊದಲಿಗೆ ಸ್ಕ್ರೀನಿಂಗ್ ಎಂಬ ಅವಧಿ. ರಕ್ತ, ಮೂತ್ರ, ಇಸಿಜಿ ನೋಡುತ್ತಾರೆ. ಒಂದೆರಡು ವಾರ ಅಂಕ ಬರೆಸುತ್ತಾರೆ, ಈಗ ಹೆಚ್ಚಾಗಿ ಫೋನಿನಂಥ ಸಾಧನದಲ್ಲಿ, ಕೆಲವೆಡೆ ಬೆಳಿಗ್ಗೆ ಸಂಜೆ ಎರಡು ಹೊತ್ತು. ಖಾಲಿ ಬಿಟ್ಟ ದಿನಗಳು ಹೆಚ್ಚಾದರೆ ಆ ವಾರದ ಮೊತ್ತವೇ ಲೆಕ್ಕಕ್ಕೆ ಸಿಗುವುದಿಲ್ಲ. ಮದುವೆ ಮನೆಯಲ್ಲಿದ್ದರೂ ಊರ ಜಾತ್ರೆಯಲ್ಲಿದ್ದರೂ ಆ ಎರಡು ಅಂಕ ಹಾಕಿ ಮಲಗಿ. ವೈದ್ಯರನ್ನು ಮೆಚ್ಚಿಸಲು ಕಡಿಮೆ ಬರೆಯುವುದೂ ಬೇಡ, ಬೇಸರದಲ್ಲಿ ಹೆಚ್ಚು ಬರೆಯುವುದೂ ಬೇಡ. ‘ಪಾಪ, ಅವರು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ’ ಎಂದು ತುರಿಕೆ 3ನ್ನು 2 ಮಾಡುವ ದಾಕ್ಷಿಣ್ಯ ನಮ್ಮವರಲ್ಲಿ ಇದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಚುಚ್ಚುಮದ್ದಾದರೆ ಹಾಕಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರಿಸುತ್ತಾರೆ; ಅಪರೂಪಕ್ಕೆ ಬರುವ ತೀವ್ರ ಅಲರ್ಜಿಯ ಮುನ್ನೆಚ್ಚರಿಕೆ ಅದು, ಬಸ್ಸಿನ ಹೊತ್ತಾಯಿತೆಂದು ಎದ್ದು ಬರಬೇಡಿ. ಬಿಟಿಕೆ ಮಾತ್ರೆಯಾದರೆ ಚರ್ಮದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕಿಗಳು ಏಳುತ್ತವೆಯೇ ಎಂದು ನೋಡಿಕೊಳ್ಳಿ; ರೆಮಿಕ್ಸ್ ಪ್ರಯೋಗಗಳಲ್ಲಿ ಔಷಧ ಪಡೆದ ನೂರರಲ್ಲಿ ಸುಮಾರು ನಾಲ್ವರಿಗೆ ಇವು ಕಂಡಿದ್ದವು. ಬೇರೆ ವೈದ್ಯರ ಬಳಿ, ಹಲ್ಲು ಕೀಳಿಸಲು ಹೋದಾಗಲೂ, ಟ್ರಯಲ್‌ನಲ್ಲಿದ್ದೀರಿ ಎಂದು ತಿಳಿಸುವ ಕಾರ್ಡನ್ನು ತೋರಿಸಿ.

ಔಷಧ ಮುಗಿದ ಮೇಲೆಯೂ ಕೆಲವು ವಾರ ಅಂಕ ಬರೆಯಿಸುತ್ತಾರೆ, ಗಂಧೆ ಮರಳುತ್ತದೆಯೇ ಎಂದು ನೋಡಲು. ಈ ಹೊತ್ತಿನಲ್ಲಿ ಜನ ಕೈಬಿಡುವುದು ಹೆಚ್ಚು, ಆದರೆ ನಿಮಗೆ ಅತ್ಯಂತ ಬೇಕಾದ ಉತ್ತರ ಇರುವುದು ಇಲ್ಲಿಯೇ. ಯಾವ ಗುಂಪಿನಲ್ಲಿದ್ದಿರಿ ಎಂಬುದು ಇಡೀ ಪ್ರಯೋಗ ಮುಗಿದು ಗುಟ್ಟು ಬಿಚ್ಚಿದ ಮೇಲಷ್ಟೇ ತಿಳಿಯುತ್ತದೆ, ಅದಕ್ಕೆ ತಿಂಗಳುಗಳೇ ಬೇಕಾಗಬಹುದು. ತಿಳಿದಾಗ ಬರೆದು ಕೊಡುವಂತೆ ಮೊದಲೇ ಕೇಳಿಕೊಂಡಿರಿ. ಆ ಕಾಗದವನ್ನು ಅಂಕದ ಪುಸ್ತಕದೊಳಗೇ ಇಡಿ. ಮುಂದೆ ಯಾವ ಚುಚ್ಚುಮದ್ದು ಎಂದು ನಿರ್ಧರಿಸಬೇಕಾದ ವೈದ್ಯರಿಗೆ, ಹುಸಿ ಮಾತ್ರೆಯಲ್ಲಿ 27 ಇದ್ದದ್ದು 19ಕ್ಕೆ ಇಳಿದಿತ್ತೋ, ನಿಜವಾದ ಔಷಧದಲ್ಲಿ ಇಳಿದದ್ದೇ ಅಷ್ಟೋ ಎಂಬುದು ಬೇಕಾಗುತ್ತದೆ.